ಆ ಐದು ಬಕೆಟ್ ಹಾಲು ಎಲ್ಲಿಗೆ ಹೋಯಿತು? ‘ಅನಿಮಲ್ ಫಾರ್ಮ್’ ಓದಿದವರು ಬನ್ನಿ

ಹಾಸನ ಆಲೂಗಡ್ಡೆ

ಹಾಸನದಲ್ಲಿ ನಮ್ಮದೊಂದು ಸಣ್ಣ ಓದುವ ಗುಂಪಿದೆ. ಈ ಸಲ ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಹಿಡಿದೆವು. 1945ರ ಪುಸ್ತಕ, ಒಂದು ಭಾನುವಾರಕ್ಕೆ ಮುಗಿಯುವಷ್ಟೇ ದಪ್ಪ. ಓದದವರಿಗೆ ಎರಡು ಮಾತು. ಜೋನ್ಸ್ ಎಂಬ ಕುಡುಕ ಯಜಮಾನನನ್ನು ಪ್ರಾಣಿಗಳು ಓಡಿಸುತ್ತವೆ. ಎಲ್ಲರೂ ಸಮಾನರು ಅಂತ ಗೋಡೆ ಮೇಲೆ ಏಳು ಕಟ್ಟಳೆ ಬರೆಯುತ್ತವೆ. ಹಂದಿಗಳಿಗೆ ತಲೆ ಜಾಸ್ತಿ ಅಂತ ಉಸ್ತುವಾರಿ ಅವುಗಳ ಕೈಗೆ ಹೋಗುತ್ತದೆ. ರಾತ್ರೋರಾತ್ರಿ ಕಟ್ಟಳೆಗಳು ತಿದ್ದಲ್ಪಟ್ಟು, ಕೊನೆಗೆ ಹಂದಿಗಳೇ ಯಜಮಾನರಾಗುತ್ತವೆ. ರಷ್ಯಾದ 1917ರ ಕ್ರಾಂತಿ ಸ್ಟಾಲಿನ್ ಕೈಗೆ ಬಿದ್ದು ಏನಾಯಿತು ಅನ್ನುವುದೇ ಇದರ ಒಳಗಿನ ಕಥೆ.

ಗುಂಪಿನಲ್ಲಿ ಎಲ್ಲರೂ ಕೊನೆಯ ಪುಟದ ಬಗ್ಗೆಯೇ ಮಾತಾಡಿದರು. ನನ್ನ ಪ್ರಕಾರ ಆ ತೋಟ ಕೆಟ್ಟುಹೋದದ್ದು ಎರಡನೇ ಅಧ್ಯಾಯದಲ್ಲೇ. ಜೋನ್ಸ್ ಹೋದ ಮಾರನೇ ದಿನ ಹಸುಗಳ ಕೆಚ್ಚಲು ಬಿಗಿದಿರುತ್ತದೆ. ಹಂದಿಗಳು ಹೇಗೋ ಕರೆಯುತ್ತವೆ. ಐದು ಬಕೆಟ್ ನೊರೆ ಹಾಲು. ಎಲ್ಲರ ಕಣ್ಣೂ ಅದರ ಮೇಲೆ. ಹಂದಿಗಳ ಮುಖಂಡ ನೆಪೋಲಿಯನ್ ಬಕೆಟ್‌ಗಳ ಮುಂದೆ ಬಂದು ನಿಂತು, ಹಾಲಿನ ಚಿಂತೆ ಬಿಡಿ, ಮೊದಲು ಕೊಯ್ಲು ಅನ್ನುತ್ತಾನೆ. ಸಂಜೆ ಬಂದು ನೋಡಿದರೆ ಹಾಲಿಲ್ಲ. ಆಮೇಲೆ ಗೊತ್ತಾಗುತ್ತದೆ, ಅದು ದಿನಾ ಹಂದಿಗಳ ಬೂಸಾಕ್ಕೆ ಬೀಳುತ್ತಿತ್ತು ಅಂತ. ಉದುರಿದ ಸೇಬೂ ಅವುಗಳಿಗೇ.

ಆರ್ವೆಲ್ ಕೂಡ ಒಂದು ಪತ್ರದಲ್ಲಿ ಇದನ್ನೇ ಹೇಳಿದ್ದಾನೆ. ಹಾಲು ಮತ್ತು ಸೇಬನ್ನು ಹಂದಿಗಳು ತಾವೇ ಇಟ್ಟುಕೊಂಡದ್ದೇ ಕಥೆಯ ತಿರುವು, ಅವತ್ತೇ ಉಳಿದವರು ಗಟ್ಟಿಯಾಗಿ ನಿಂತಿದ್ದರೆ ಮುಂದಿನದು ಆಗುತ್ತಲೇ ಇರಲಿಲ್ಲ ಅಂತ.

ನನ್ನ ಪ್ರಶ್ನೆ ಇಷ್ಟೇ. ಆ ಸಂಜೆ ಯಾರೂ ಯಾಕೆ ಕೇಳಲಿಲ್ಲ? ತಪ್ಪು ಯಾರದ್ದು ಜಾಸ್ತಿ?

ಕಣದ ಹುಡುಗ

ಅಣ್ಣಾ, ನಮ್ಮೂರ ಹಾಲಿನ ಡೇರಿ ನೆನಪಾಯಿತು. ಊರ ಹೆಸರು ಬೇಡ.

ಬೆಳಿಗ್ಗೆ ಆರಕ್ಕೆಲ್ಲ ಕ್ಯಾನ್ ಹಿಡಿದು ಸಾಲು. ಅಳೆಯುವಾಗ ಫ್ಯಾಟ್ ನೋಡಲು ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ಸ್ಯಾಂಪಲ್ ತೆಗೆಯುತ್ತಾರೆ. ಪರೀಕ್ಷೆಗೆ ಬೇಕಾದ್ದು ಒಂದಿಷ್ಟೇ. ಉಳಿದದ್ದು ಪಕ್ಕದ ಬಕೆಟ್‌ಗೆ. ಒಂದು ಗುಟುಕು ಹಾಲು, ಯಾರು ಲೆಕ್ಕ ಇಡುತ್ತಾರೆ? ಆದರೆ ಇಡೀ ಊರಿನದು ಸೇರಿದರೆ ಎರಡು ಹೊತ್ತೂ ಬಕೆಟ್ ತುಂಬುತ್ತದೆ. ಅದು ಸಂಘದ ಹಾಲು. ಮಾರಿ ಸಂಘಕ್ಕೆ ಜಮಾ ಮಾಡಬೇಕು. ನಮ್ಮಲ್ಲಿ ಅದು ವರ್ಷಗಟ್ಟಲೆ ಒಬ್ಬರ ಹೋಟೆಲ್‌ನ ಕಾಫಿಗೆ ಹೋಗುತ್ತಿತ್ತು. ಆ ಕಾಫಿಯನ್ನು ನಾವೇ ದುಡ್ಡು ಕೊಟ್ಟು ಕುಡಿಯುತ್ತಿದ್ದೆವು.

ಯಾಕೆ ಕೇಳಲಿಲ್ಲ ಅಂದರೆ, ಕೇಳಿದವನ ಹಾಲಿಗೆ ಮಾರನೇ ದಿನದಿಂದ ಫ್ಯಾಟ್ ಬರುವುದಿಲ್ಲ, ದುಡ್ಡೂ ಇಳಿಯುತ್ತದೆ. ಅಷ್ಟೇ. ನೆಪೋಲಿಯನ್‌ನ ಹಾಗೆ ಹೆದರಿಸಲು ನಾಯಿ ಸಾಕುವ ಖರ್ಚೂ ಇಲ್ಲ.

ಲೈನ್‌ಮನೆ ಹುಡುಗಿ

ನಾನು ಪುಸ್ತಕವನ್ನು ಒಂದೇ ಓಟದಲ್ಲಿ ಓದಲಿಲ್ಲ. ದುಡಿದು ದುಡಿದು ಬಿದ್ದ ಬಾಕ್ಸರ್ ಕುದುರೆಯನ್ನು ಒಯ್ಯಲು ಕಟುಕನ ವ್ಯಾನ್ ಬಂದ ಮೇಲೆ ಮುಚ್ಚಿಟ್ಟುಬಿಟ್ಟೆ.

ನಮ್ಮಪ್ಪ ಸಕಲೇಶಪುರದ ಕಡೆ ಒಂದು ಎಸ್ಟೇಟ್‌ನಲ್ಲಿ ದುಡಿದವರು. ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಅವರಷ್ಟು ಧೈರ್ಯವಾಗಿ ಮರ ಹತ್ತುವವರು ಇರಲಿಲ್ಲ. ಮೇಸ್ತ್ರಿ ಕರೆದರೆ ಇಲ್ಲ ಅಂದವರಲ್ಲ. ಬಾಕ್ಸರ್ ಕುದುರೆ ಯಾವ ಕಷ್ಟ ಬಂದರೂ ‘ಇನ್ನೂ ಜಾಸ್ತಿ ದುಡೀತೀನಿ’ ಅನ್ನುತ್ತದಲ್ಲ, ಅದೇ ಮನುಷ್ಯ. ಬಿಡುವ ಹೊತ್ತಿಗೆ ಗ್ರಾಚ್ಯುಟಿ ಕೇಳಿದರೆ ಹಳೇ ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ನಡುವಿನ ಎಷ್ಟೋ ವರ್ಷ ಟೆಂಪರವರಿ ಅಂತ ತೋರಿಸಿದ್ದರು. ಕಾನೂನು ಇಲ್ಲ ಅಂತಲ್ಲ. ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಿಶುವಿಹಾರ ಕೊಡಬೇಕು ಅಂತ 1951ರಲ್ಲೇ ಕಾಯ್ದೆ ಬಂತು. ಗ್ರಾಚ್ಯುಟಿ ಕಾಯ್ದೆ 1972ರದ್ದು, ವರ್ಷಕ್ಕೆ 15 ದಿನದ ಕೂಲಿ. ಗೋಡೆ ಮೇಲೆ ಎಲ್ಲ ಬರೆದಿದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ.

ಬಾಕ್ಸರ್‌ಗೆ ಅಕ್ಷರ ನಾಲ್ಕರ ಮೇಲೆ ತಲೆಗೆ ಹೋಗುವುದಿಲ್ಲ ಅಂತ ಆರ್ವೆಲ್ ಬರೆಯುತ್ತಾನೆ. ನಮ್ಮ ಗುಂಪಿನಲ್ಲಿ ಒಬ್ಬರು ಆ ಜಾಗ ಓದಿ ನಕ್ಕರು. ನನಗೆ ನಗು ಬರಲಿಲ್ಲ.

ಮೂಡಿಗೆರೆ ಮೇಷ್ಟ್ರು

ತಂಗಿ, ನಿಮ್ಮ ಮಾತು ಓದಿದ ಮೇಲೆ ನಾನು ಹೇಳಬೇಕೆಂದಿದ್ದು ಇನ್ನೂ ಗಟ್ಟಿಯಾಯಿತು. ತಪ್ಪು ಬೆಂಜಮಿನ್ ಕತ್ತೆಯದ್ದು.

ಅದಕ್ಕೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ. ಕಟ್ಟಳೆ ತಿದ್ದಿದ್ದು ಗೊತ್ತಾಗುತ್ತದೆ. ಆದರೆ ‘ಓದುವಂಥದ್ದು ಏನೂ ಇಲ್ಲ’ ಅಂತ ಸುಮ್ನೆ ಇರುತ್ತದೆ. ಇಡೀ ಪುಸ್ತಕದಲ್ಲಿ ಅದು ಓಡಿಕೊಂಡು ಬಂದು ಕೂಗುವುದು ಒಂದೇ ಸಲ. ವ್ಯಾನ್ ಮೇಲಿನ ಕಟುಕನ ಹೆಸರು ಓದಲು. ಆಗ ಬಾಕ್ಸರ್ ಒಳಗಿದೆ, ಬಾಗಿಲು ಹಾಕಿಯಾಗಿದೆ.

ನಮ್ಮ ಊರುಗಳಲ್ಲಿ ಬೆಂಜಮಿನ್‌ಗಳು ಯಾರು ಅಂತ ಹುಡುಕಬೇಕಿಲ್ಲ. ಪೇಪರ್ ಓದುವವರು, ಪಿಂಚಣಿ ಬರುವವರು, ಗ್ರಾಮಸಭೆ ದಿನವೇ ಸರಿಯಾಗಿ ನೆಂಟರ ಮನೆಗೆ ಹೋಗುವವರು. ನನ್ನ ವೃತ್ತಿಯವರೇ ಜಾಸ್ತಿ.

ಇನ್ನೊಂದು ತಕರಾರಿದೆ. ಆರ್ವೆಲ್‌ನಲ್ಲಿ ಕೆಟ್ಟವರು ಎದ್ದು ಕಾಣುತ್ತಾರೆ. ಹಂದಿ, ನಾಯಿ, ಚಾವಟಿ. ನಮ್ಮ ಮೂಡಿಗೆರೆಯಲ್ಲೇ ಇದ್ದು ಬರೆದ ತೇಜಸ್ವಿಯವರ ‘ತಬರನ ಕಥೆ’ ನೋಡಿ. ಮುನಿಸಿಪಾಲಿಟಿಯ ಮುದುಕ ನೌಕರ, ಅವನ ಪಿಂಚಣಿ, ಹೆಂಡತಿಯ ಕಾಲಿನ ಹುಣ್ಣು. ಅಲ್ಲಿ ನೆಪೋಲಿಯನ್ ಇಲ್ಲವೇ ಇಲ್ಲ. ಪ್ರತಿ ಗುಮಾಸ್ತನೂ ಮನುಷ್ಯನೇ. ಒಬ್ಬೊಬ್ಬರೂ ತಮ್ಮ ಮೇಜಿನ ಮಟ್ಟಿಗೆ ಸರಿಯೇ. ಫೈಲ್ ಮಾತ್ರ ಅಲ್ಲಾಡುವುದಿಲ್ಲ. ಭ್ರಷ್ಟ ಅಂತ ಬೆರಳು ತೋರಿಸಲು ಒಂದು ಮುಖ ಸಿಗದಿದ್ದಾಗ ಏನು ಮಾಡುವುದು? ಆರ್ವೆಲ್ ಅದಕ್ಕೆ ಉತ್ತರ ಕೊಡುವುದಿಲ್ಲ.

ಬೇಲೂರು ಬಸ್‌ಸ್ಟಾಂಡ್

ಸ್ಕ್ವೀಲರ್ ಹಂದಿಯನ್ನು ಯಾರೂ ಹೇಳಲಿಲ್ಲವಲ್ಲ. ಹಾಲು ನಮಗೆ ಇಷ್ಟವೇ ಇಲ್ಲ, ನಿಮಗೋಸ್ಕರ ಕುಡಿಯುತ್ತಿದ್ದೇವೆ, ಇಲ್ಲದಿದ್ದರೆ ಜೋನ್ಸ್ ವಾಪಸ್ ಬರುತ್ತಾನೆ. ಇವತ್ತು ಇದ್ದಿದ್ದರೆ ಊರಿನ ಎಲ್ಲ ವಾಟ್ಸಾಪ್ ಗ್ರೂಪಿಗೂ ಅವನೇ ಅಡ್ಮಿನ್.

ಕಡೂರು ಪ್ಯಾಸೆಂಜರ್

ಎಲ್ಲರೂ ಬಹಳ ಭಕ್ತಿಯಿಂದ ಓದುತ್ತಿದ್ದೀರಿ. ನಾನು ಸ್ವಲ್ಪ ಹಾಳು ಮಾಡುತ್ತೇನೆ.

ಈ ಪುಸ್ತಕವನ್ನು ಜಗತ್ತಿಗೆಲ್ಲ ಹಂಚಿದವರು ಯಾರು? 1954ರ ಕಾರ್ಟೂನ್ ಸಿನಿಮಾಕ್ಕೆ ದುಡ್ಡು ಬಂದದ್ದು ಅಮೆರಿಕದ ಸಿಐಎಯಿಂದ. ಕೊನೆಯನ್ನೂ ಬದಲಾಯಿಸಿದರು. ಪುಸ್ತಕದಲ್ಲಿ ಹಂದಿಯೂ ಮನುಷ್ಯನೂ ಒಂದೇ ಆಗಿ ಕಾಣುತ್ತಾರೆ. ಸಿನಿಮಾದಲ್ಲಿ ಪ್ರಾಣಿಗಳು ಹಂದಿಗಳ ಮೇಲೆ ತಿರುಗಿ ಬೀಳುತ್ತವೆ. ಬಂಡವಾಳಗಾರನೂ ಅಷ್ಟೇ ಕೆಟ್ಟವನು ಅನ್ನುವ ಮಾತು ಅಲ್ಲಿ ಮಾಯ. ಅಧಿಕಾರದ ಬಗ್ಗೆ ಬರೆದ ಕಥೆಗೇ ಅಧಿಕಾರ ಇಷ್ಟು ಮಾಡಿತು.

ಶಾಲೆಯಲ್ಲಿ ಇದನ್ನು ಹೇಗೆ ಪಾಠ ಮಾಡುತ್ತಾರೆ? ದಂಗೆ ಎದ್ದರೆ ಹೀಗೇ ಆಗುವುದು, ಸುಮ್ನೆ ಇದ್ದುಬಿಡಿ ಅಂತ. 1974ರ ಭೂ ಸುಧಾರಣೆ ಬರದಿದ್ದರೆ ನಮ್ಮಜ್ಜ ಗೇಣಿ ಅಳೆದುಕೊಂಡೇ ಸಾಯುತ್ತಿದ್ದರು. ಅವರಿಗೆ ಹೋಗಿ, ಜೋನ್ಸ್ ಹೋದರೂ ಅಷ್ಟೇ, ಬಂದರೂ ಅಷ್ಟೇ ಅಂತ ಹೇಳಿ ನೋಡಿ. ಅಂದಹಾಗೆ, ಆ ಕಾಯ್ದೆಯಲ್ಲೂ ಕಾಫಿ ತೋಟಕ್ಕೆ ಭೂಮಿತಿ ತಾಗಲಿಲ್ಲ. ಪುಸ್ತಕದಲ್ಲಿ ಕೊನೆಗೆ ಉಳಿಯುವ ಕಟ್ಟಳೆಯ ಹಾಗೆ, ಕೆಲವರು ಸ್ವಲ್ಪ ಹೆಚ್ಚು ಸಮಾನರು. ನಮ್ಮ ಕಡೂರಿನ ಬಯಲಿಗೆ ಒಂದು ಕಟ್ಟಳೆ, ಘಟ್ಟದ ತೋಟಕ್ಕೆ ಇನ್ನೊಂದು.

ಹಾಸನ ಆಲೂಗಡ್ಡೆ

ಸಿನಿಮಾ ವಿಷಯ ಸರಿ. ಆದರೆ ಆರ್ವೆಲ್ ದಂಗೆ ಬೇಡ ಅಂದವನಲ್ಲ. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದವನು, ಬರ್ಮಾದಲ್ಲಿ ಬ್ರಿಟಿಷ್ ಪೊಲೀಸ್ ಆಗಿ ಸಾಮ್ರಾಜ್ಯ ಅಂದರೆ ಏನು ಅಂತ ಒಳಗಿಂದಲೇ ನೋಡಿ ಕೆಲಸ ಬಿಟ್ಟವನು. ಸ್ಪೇನ್‌ನಲ್ಲಿ ಫ್ರಾಂಕೋ ವಿರುದ್ಧ ಬಂದೂಕು ಹಿಡಿದು 1937ರಲ್ಲಿ ಗಂಟಲಿಗೆ ಗುಂಡು ತಿಂದ. ಕೊನೆಯವರೆಗೂ ತನ್ನನ್ನು ಸಮಾಜವಾದಿ ಅಂತಲೇ ಕರೆದುಕೊಂಡ.

ಯುದ್ಧದ ಕಾಲದಲ್ಲಿ ರಷ್ಯಾ ಬ್ರಿಟನ್ನಿನ ಜೊತೆಗಾರ. ಹಾಗಾಗಿ ಪ್ರಕಾಶಕರು ಒಬ್ಬೊಬ್ಬರಾಗಿ ಕೈ ಎತ್ತಿದರು. ಫೇಬರ್ ಸಂಸ್ಥೆಯಲ್ಲಿದ್ದ ಕವಿ ಟಿ.ಎಸ್. ಎಲಿಯಟ್ ಹಸ್ತಪ್ರತಿ ವಾಪಸ್ ಕಳಿಸುತ್ತಾ, ಹಂದಿಗಳಿಗೆ ಬುದ್ಧಿ ಇದೆಯಲ್ಲ, ಬೇಕಿರುವುದು ಇನ್ನಷ್ಟು ಸಾರ್ವಜನಿಕ ಕಾಳಜಿಯ ಹಂದಿಗಳು ಅನ್ನುವ ಅರ್ಥದಲ್ಲಿ ಬರೆದ.

ಬೇಲೂರು ಬಸ್‌ಸ್ಟಾಂಡ್

ಐದು ವರ್ಷಕ್ಕೊಮ್ಮೆ ನಾವು ಸಾಲಲ್ಲಿ ನಿಂತು ಹುಡುಕುವುದೂ ಅದನ್ನೇ ಅಲ್ವಾ ಸಾರ್. 😀

ಘಾಟಿ ಮಳೆ

ನನ್ನನ್ನು ಕಾಡಿದ್ದು ಗಾಳಿಗಿರಣಿ. ನೆಪೋಲಿಯನ್‌ನ ಎದುರಾಳಿ ಹಂದಿ ಸ್ನೋಬಾಲ್ ಮೊದಲು ಅದರ ನಕ್ಷೆ ಹಾಕುತ್ತಾನೆ. ಕೊಟ್ಟಿಗೆಗೆಲ್ಲ ಕರೆಂಟು, ವಾರಕ್ಕೆ ಮೂರೇ ದಿನ ಕೆಲಸ ಅಂತ. ಕಟ್ಟುತ್ತಾರೆ, ಗಾಳಿಗೆ ಬೀಳುತ್ತದೆ, ಮತ್ತೆ ಕಟ್ಟುತ್ತಾರೆ, ಸ್ಫೋಟ ಆಗುತ್ತದೆ, ಮತ್ತೆ. ಕೊನೆಗೆ ಅದು ತಿರುಗುತ್ತದೆ, ನಿಜ. ಆದರೆ ಕಾಳು ಬೀಸಿ ದುಡ್ಡು ಮಾಡಲು. ಕೊಟ್ಟಿಗೆಗೆ ಬಲ್ಬು ಬರಲೇ ಇಲ್ಲ.

ಸಕಲೇಶಪುರದವನಿಗೆ ಘಟ್ಟದ ನೀರನ್ನು ಕೋಲಾರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆ ನೆನಪಾಗದೆ ಇರುತ್ತದಾ? 2014ರಲ್ಲಿ ಶಂಕುಸ್ಥಾಪನೆ ಆದಾಗ 12,912 ಕೋಟಿ. ಆಮೇಲೆ ಪರಿಷ್ಕರಿಸಿ 23,251 ಕೋಟಿ. ಮೊದಲ ಹಂತ ಉದ್ಘಾಟನೆ ಆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಈ ನಡುವೆ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರು ನೋಡಿ. ಯಾರೋ ತಿಂದರು ಅಂತ ನಾನು ಹೇಳುತ್ತಿಲ್ಲ. ಅಂಕಿ ಇಷ್ಟು ಬದಲಾದರೂ ನಮ್ಮ ಕಡೆ ಚಹಾ ಅಂಗಡಿಯಲ್ಲಿ ಯಾರೂ ಹುಬ್ಬು ಏರಿಸುವುದಿಲ್ಲ. ಅದು ನನಗೆ ಭಯ.

ಕಡೂರು ಪ್ಯಾಸೆಂಜರ್

ಘಟ್ಟದಲ್ಲಿ ಕೂತು ನೀರು ಬೇಡ ಅನ್ನುವುದು ಸುಲಭ ಮಾರಾಯರೇ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ಎಷ್ಟು ಆಳಕ್ಕೆ ಇಳಿದಿದೆ ನೋಡಿಕೊಂಡು ಬನ್ನಿ. ಅವರಿಗೆ ಅದು ಗಾಳಿಗಿರಣಿ ಅಲ್ಲ, ಕುಡಿಯುವ ನೀರು.

ಘಾಟಿ ಮಳೆ

ನೀರು ಬೇಡ ಅಂತ ಎಲ್ಲಿ ಹೇಳಿದೆ? ಕೊಟ್ಟಿಗೆಗೆ ಕರೆಂಟು ಬೇಡ ಅಂತ ಪುಸ್ತಕದಲ್ಲೂ ಯಾರೂ ಹೇಳುವುದಿಲ್ಲ.

ನಿರ್ವಾಹಕ

ಎತ್ತಿನಹೊಳೆಗೆ ಬೇರೆ ಚರ್ಚೆ ಇದೆ. ಇಬ್ಬರೂ ಅಲ್ಲಿಗೆ ಹೋಗಿ. ಇಲ್ಲಿ ಹಂದಿಗಳಷ್ಟೇ.

ಐಜಿ ರೋಡ್ ಹಿರಿಯ

ನಾನು ಚಿಕ್ಕಮಗಳೂರಿನವನು. ವಯಸ್ಸಾಗಿದೆ, ಉದ್ದ ಬರೆದರೆ ಕ್ಷಮಿಸಿ.

ಈ ಪುಸ್ತಕದಲ್ಲಿ ಪ್ರಾಣಿಗಳಿಗೆ ನೆನಪು ಹಿಡಿಯುವುದಿಲ್ಲ. ಜೋನ್ಸ್ ಕಾಲದಲ್ಲಿ ಹೆಚ್ಚು ತಿನ್ನುತ್ತಿದ್ದೆವೋ ಈಗಲೋ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಮೋಸ ಹೋಗುತ್ತವೆ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. 1977ರ ಮಾರ್ಚ್‌ನಲ್ಲಿ ಹೋಯಿತು. ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿತು. ಅದೇ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನ ಅವರ ಪಕ್ಷಕ್ಕೆ ಕೊಟ್ಟಿತು. 1978ರ ನವೆಂಬರ್‌ನಲ್ಲಿ ಅವರು ನಮ್ಮೂರಿಗೇ ಬಂದು ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಿಗೆ ವೀರೇಂದ್ರ ಪಾಟೀಲರು. 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಮರು ತಿಂಗಳೇ ಲೋಕಸಭೆ ಅವರನ್ನು ಹೊರಗೆ ಹಾಕಿತು, ಅದು ಬೇರೆ ಕಥೆ.

ಆಗ ನಾನು ಹುಡುಗ. ಮನೆಯಲ್ಲಿ ಜಗಳವೋ ಜಗಳ. ದೊಡ್ಡಪ್ಪ ಪತ್ರಿಕೆ ಹಿಡಿದುಕೊಂಡು, ಜನರನ್ನು ಜೈಲಿಗೆ ಹಾಕಿದ್ದು ಮರೆತೇಬಿಟ್ಟಿರಾ ಅಂತ ಕೂಗುತ್ತಿದ್ದರು. ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು ಕಾಫಿ ಲೋಟ ಕೆಳಗಿಟ್ಟು ಹೇಳಿದಳು: ‘ಮರ್ತಿಲ್ಲ ಕಣಯ್ಯಾ. ನಮ್ಗೆ ಸೈಟು ಸಿಕ್ಕಿದ್ದೂ ಮರ್ತಿಲ್ಲ.’

ಅವಳು ಪುಸ್ತಕದಲ್ಲಿ ಹೇಳಿಕೊಟ್ಟದ್ದನ್ನೇ ಅರಚುವ ಕುರಿ ಅಲ್ಲ. ಬಾಕ್ಸರ್ ಕೂಡ ಅಲ್ಲ. ಎರಡನ್ನೂ ನೆನಪಿಟ್ಟುಕೊಂಡು, ತೂಗಿ, ಒಂದು ಕಡೆಗೆ ವಾಲಿದವಳು. ಅವಳ ತೂಕ ಸರಿಯೋ ತಪ್ಪೋ ನಾನು ಇವತ್ತಿಗೂ ಹೇಳಲಾರೆ. ಆದರೆ ಅಂಥವಳಿಗೆ ಆರ್ವೆಲ್‌ನ ತೋಟದಲ್ಲಿ ಜಾಗ ಇಲ್ಲ. ಅಲ್ಲಿ ಗೊತ್ತಿಲ್ಲದವರು ಇದ್ದಾರೆ, ಹೆದರಿದವರು ಇದ್ದಾರೆ, ಗೊತ್ತಿದ್ದೂ ಸುಮ್ಮನಿರುವ ಕತ್ತೆ ಇದೆ. ಎಲ್ಲ ಗೊತ್ತಿದ್ದೂ ಕಾರಣ ಇಟ್ಟುಕೊಂಡು ಒಪ್ಪುವವರು ಇಲ್ಲ. ನಮ್ಮ ರಾಜಕೀಯ ನಡೆಯುವುದೇ ಅವರಿಂದ.

ಮೂಡಿಗೆರೆ ಮೇಷ್ಟ್ರು

ಹಿರಿಯರೇ, ಒಪ್ಪಿದೆ. ಒಂದು ಸೇರಿಸುತ್ತೇನೆ. ಆ ಹೆಂಗಸಿನ ಕೈಯಲ್ಲಿ ಮತ ಇತ್ತು. ನೆಪೋಲಿಯನ್ ನಾಯಿ ಬಿಟ್ಟು ಸ್ನೋಬಾಲ್‌ನನ್ನು ಓಡಿಸಿದ ಮೇಲೆ ಮೊದಲು ಮಾಡಿದ ಕೆಲಸ ಭಾನುವಾರದ ಸಭೆ ರದ್ದು. ತೂಗಿ ನೋಡುವ ತಕ್ಕಡಿಯನ್ನೇ ಕಿತ್ತುಕೊಂಡ. ಗ್ರಾಮಸಭೆಗೆ ಜನ ಬರದಿದ್ದರೂ ಕೋರಂ ಆಯಿತು ಅಂತ ಬರೆದುಕೊಳ್ಳುವ ನಮ್ಮ ಅಭ್ಯಾಸ ನೋಡಿದಾಗ, ಇಲ್ಲಿ ನಾಯಿಯೂ ಬೇಕಾಗಲಿಲ್ಲ ಅನ್ನಿಸುತ್ತದೆ.

ಅಜ್ಜಂಪುರದ ಸೊಸೆ

ಎಲ್ಲರ ಮಾತೂ ಓದಿದೆ. ಕತ್ತೆ, ಕುದುರೆ, ಹಂದಿ. ಕೋಳಿಗಳು ಯಾರ ಕಣ್ಣಿಗೂ ಬೀಳಲಿಲ್ಲವಾ?

ಮೊದಲನೇದಾಗಿ, ‘ಯಾರೂ ಕೇಳಲಿಲ್ಲ’ ಅನ್ನುವುದೇ ಸರಿಯಲ್ಲ ಅಣ್ಣಾ. ಆ ಹಾಲಿನ ಜಾಗ ಇನ್ನೊಮ್ಮೆ ತೆಗೆದು ನೋಡಿ. ಈ ಹಾಲನ್ನೆಲ್ಲ ಏನು ಮಾಡೋದು ಅಂತ ಯಾರೋ ಕೇಳುತ್ತಾರೆ. ಜೋನ್ಸ್ ಕೆಲವು ಸಲ ನಮ್ಮ ಬೂಸಾಕ್ಕೂ ಒಂದಿಷ್ಟು ಹಾಕುತ್ತಿದ್ದ ಅಂತ ಒಂದು ಹೇಂಟೆ ಹೇಳುತ್ತದೆ. ಅದು ಹೇಳಿದ ಮೇಲೆಯೇ ನೆಪೋಲಿಯನ್ ಬಕೆಟ್ ಮುಂದೆ ಬಂದು ನಿಲ್ಲುವುದು. ಕೇಳಿದ್ದಾರೆ. ಕೇಳಿದವಳು ಕೋಳಿ, ಅದಕ್ಕೆ ಯಾರ ಕಿವಿಗೂ ಬೀಳಲಿಲ್ಲ. ಓದುಗರ ಕಿವಿಗೂ.

ಎರಡನೇದು. ಜೋನ್ಸ್ ಹೋದ ಮೇಲೆ ಆ ತೋಟದಲ್ಲಿ ಬಂಡಾಯ ಅಂತ ಎದ್ದವರು ಯಾರು? ವಾರಕ್ಕೆ 400 ಮೊಟ್ಟೆ ಮಾರಲು ನೆಪೋಲಿಯನ್ ಒಪ್ಪಂದ ಮಾಡಿಕೊಂಡಾಗ ಹೇಂಟೆಗಳು ತೊಲೆ ಮೇಲೆ ಹಾರಿ ಕೂತು, ಅಲ್ಲಿಂದಲೇ ಮೊಟ್ಟೆ ಇಟ್ಟು ಕೆಳಗೆ ಒಡೆದು ಹಾಕಿದವು. ಮೂರು ಎಳೇ ಹೇಂಟೆಗಳು ಮುಂದೆ ನಿಂತವು. ನೆಪೋಲಿಯನ್ ಕಾಳು ನಿಲ್ಲಿಸಿದ. ಐದು ದಿನ ತಡೆದುಕೊಂಡವು. ಒಂಬತ್ತು ಸತ್ತವು. ರೋಗ ಬಂದು ಸತ್ತವು ಅಂತ ಸುದ್ದಿ ಹಬ್ಬಿಸಿದರು. ಮುಂದೆ ನಿಂತಿದ್ದ ಮೂವರನ್ನು ಆಮೇಲೆ ಕೊಂದೇ ಹಾಕಿದರು.

ಗ್ರಾಮ ಪಂಚಾಯ್ತಿಯಲ್ಲಿ ಈಗ ಅರ್ಧ ಸ್ಥಾನ ಹೆಂಗಸರದ್ದು. ‘ಸದಸ್ಯರ ಯಜಮಾನ್ರು’ ಬಂದು ಕುರ್ಚಿ ಮೇಲೆ ಕೂರುವುದೂ ನಿಮಗೆಲ್ಲ ಗೊತ್ತು. ಆದರೂ ಹೇಳುತ್ತೇನೆ, ನಾನು ನೋಡಿದ ಗ್ರಾಮಸಭೆಗಳಲ್ಲಿ ಬಾಯಿ ಬಿಟ್ಟು ಲೆಕ್ಕ ಕೇಳಿದ್ದು ಸ್ವಸಹಾಯ ಸಂಘದ ಹೆಂಗಸರೇ. ಯಾಕೆ ಅಂತೀರಾ? ವಾರವಾರ ಹತ್ತು ಇಪ್ಪತ್ತು ರೂಪಾಯಿಯ ಪುಸ್ತಕ ಬರೆದು ಅಭ್ಯಾಸ. ಒಂದು ರೂಪಾಯಿ ಹೆಚ್ಚುಕಮ್ಮಿಯಾದರೆ ಅವತ್ತೇ ಮುಖ ನೋಡಿ ಕೇಳುತ್ತಾರೆ.

ಲೈನ್‌ಮನೆ ಹುಡುಗಿ

ಅಕ್ಕಾ, ❤️. ಮಾಲಿ ಅನ್ನುವ ಹೆಣ್ಣು ಕುದುರೆಯನ್ನೂ ಎಲ್ಲರೂ ಆಡಿಕೊಳ್ಳುತ್ತಾರೆ, ರಿಬ್ಬನ್ನಿಗೆ ಆಸೆಪಟ್ಟು ಓಡಿಹೋದಳು ಅಂತ. ದಂಗೆ ಆದ ಮೇಲೂ ಸಕ್ಕರೆ ಸಿಗುತ್ತಾ ಅಂತ ಮೊದಲೇ ಕೇಳಿದವಳು ಅವಳು. ಆ ತೋಟದಲ್ಲಿ ಕೊನೆಗೆ ಸಕ್ಕರೆ ತಿಂದವರು ಹಂದಿಗಳು.

ಹಾಸನ ಆಲೂಗಡ್ಡೆ

ಕೋಳಿ ಕೇಳಿದ್ದು ಬೆಳಿಗ್ಗೆ. ನಾನು ಕೇಳುತ್ತಿರುವುದು ಸಂಜೆಯ ವಿಷಯ. ಹಾಲು ಏನು ಮಾಡೋಣ ಅಂತ ಕೇಳುವುದು ಬೇರೆ, ಹಾಲು ಏನಾಯಿತು ಅಂತ ಕೇಳುವುದು ಬೇರೆ. ಮೊದಲನೇದಕ್ಕೆ ಧೈರ್ಯ ಬೇಡ. ಎರಡನೇದು ಕೇಳಿದರೆ ಒಬ್ಬನನ್ನು ಕಳ್ಳ ಅಂದ ಹಾಗೆ. ನಮ್ಮ ಜನ ತಡವರಿಸುವುದು ಅಲ್ಲೇ. ‘ಅವರು ಅಂಥವರಲ್ಲ ಬಿಡಿ’ ಅಂದುಬಿಡುತ್ತಾರೆ.

ಇನ್ನೊಂದು. ಒಳ್ಳೆಯವನು ಅಂತ ಎಲ್ಲರೂ ಮರುಗುವ ಸ್ನೋಬಾಲ್ ಕೂಡ ಹಾಲು ಸೇಬಿನ ವಿಷಯದಲ್ಲಿ ನೆಪೋಲಿಯನ್ ಜೊತೆಗೇ ಇದ್ದ. ಬೇರೆ ಯಾವುದರಲ್ಲೂ ಒಂದಾಗದ ಇಬ್ಬರು ಅದರಲ್ಲಿ ಮಾತ್ರ ಒಂದು. ಶಾಸಕರ ಸಂಬಳ ಭತ್ಯೆ ಏರುವ ದಿನ ಸದನದಲ್ಲಿ ಎಷ್ಟು ಹೊತ್ತು ಚರ್ಚೆ ಆಗುತ್ತದೆ ನೋಡಿದ್ದೀರಲ್ಲ.

ಅಜ್ಜಂಪುರದ ಸೊಸೆ

ಬೆಳಿಗ್ಗೆ ಕೇಳಿದಾಗಲೇ ಉತ್ತರ ಕೊಡದವನು ಸಂಜೆ ಕೊಡುತ್ತಾನಾ? ನಿಮ್ಮ ಲೆಕ್ಕ ನನಗೆ ಹಿಡಿಸಲಿಲ್ಲ.

ಕಡೂರು ಪ್ಯಾಸೆಂಜರ್

ಕೊನೆಯ ದೃಶ್ಯದ ಬಗ್ಗೆ ಒಂದು ಮಾತು ಹೇಳಿ ಹೋಗುತ್ತೇನೆ. ಹಂದಿ, ಮನುಷ್ಯ ಒಂದಾದರು ಅಂತ ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅವರು ಒಂದಾಗಿ ಕೂತದ್ದು ಇಸ್ಪೀಟಿಗೆ. ಇಬ್ಬರೂ ಒಟ್ಟಿಗೇ ಇಸ್ಪೀಟಿನ ಎಕ್ಕ ಎಸೆಯುತ್ತಾರೆ. ಜಗಳ ಹತ್ತುತ್ತದೆ. ಆ ಗದ್ದಲ ಕೇಳಿ ಪ್ರಾಣಿಗಳು ಕಿಟಕಿಗೆ ವಾಪಸ್ ಬಂದು ನೋಡುವುದು. ಉಕ್ರೇನಿ ಅನುವಾದದ ಮುನ್ನುಡಿಯಲ್ಲಿ ಆರ್ವೆಲ್ ಹೇಳಿದ್ದಾನೆ, ತಾನು ಕಥೆ ಮುಗಿಸಿದ್ದು ರಾಜಿಯಲ್ಲಿ ಅಲ್ಲ, ಜಗಳದಲ್ಲಿ ಅಂತ. ಟೆಹ್ರಾನ್ ಸಮ್ಮೇಳನ ಆದ ಬೆನ್ನಲ್ಲೇ ಬರೆದದ್ದು. ಸ್ಟಾಲಿನ್ ಮತ್ತು ಪಶ್ಚಿಮದವರ ಈ ಗೆಳೆತನ ಬಾಳುವುದಿಲ್ಲ ಅಂತ ಅವನ ಲೆಕ್ಕ.

ನಮ್ಮಲ್ಲೂ ಯಾವ ಹಗರಣ ತಾನೇ ಪ್ರಾಮಾಣಿಕರಿಂದ ಹೊರಬಂದಿದೆ? ಪಾಲು ಸರಿ ಬೀಳದಿದ್ದಾಗ ಬರುತ್ತದೆ. ಆಗ ಕಿಟಕಿ ಹತ್ತಿರ ಯಾರಾದರೂ ಇರಬೇಕು.

ಕಣದ ಹುಡುಗ

ಇದು ನೂರಕ್ಕೆ ನೂರು. ನಮ್ಮ ಸ್ಯಾಂಪಲ್ ಹಾಲಿನ ವಿಷಯ ಬಯಲಾದದ್ದೂ ಹಾಗೇ. ಹಾಲು ಅಳೆಯುವವನಿಗೂ ಮೇಲಿನವರಿಗೂ ಬೇರೆ ಯಾವುದೋ ವಿಷಯಕ್ಕೆ ಜಗಳ. ಅವನೇ ಅಂಗಡಿ ಮುಂದೆ ನಿಂತು ಎಲ್ಲ ಹೇಳಿದ. ಸೆಪ್ಟೆಂಬರ್‌ನ ಸರ್ವ ಸದಸ್ಯರ ಸಭೆಯಲ್ಲಿ ನಾವು ಕೆಲವು ಹುಡುಗರು ಆಡಿಟ್ ವರದಿ ಹಿಡಿದು ಕೇಳಿದೆವು. ‘ಮುಂದಿನ ಸಭೆಗೆ ತರುತ್ತೇವೆ’ ಅಂದರು. ಕೇಸರಿಬಾತ್, ಖಾರಾಬಾತ್ ಬಂತು. ಜನ ಎದ್ದರು. ಈಗ ಸ್ಯಾಂಪಲ್ ಹಾಲು ಅಂತ ಲೆಕ್ಕದಲ್ಲಿ ಒಂದು ಸಾಲು ಬಂದಿದೆ. ಮೊತ್ತ ಮಾತ್ರ ನಂಬುವ ಹಾಗಿಲ್ಲ.

ಹೊಳೆನರಸೀಪುರ ಲೋಕಲ್

ಇದನ್ನು ಓದಿ ನಮ್ಮ ಡೇರಿಯ ಹೋದ ವರ್ಷದ ವರದಿ ತೆಗೆದು ನೋಡಿದೆ. ಅಂಥ ಸಾಲೇ ಇಲ್ಲ. ಯಾರನ್ನು ಕೇಳುವುದು? ಕಾರ್ಯದರ್ಶಿ ನಮ್ಮ ಸೋದರಮಾವ.

ಅಜ್ಜಂಪುರದ ಸೊಸೆ

ಅತ್ತೆಯನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಕಣದ ಹುಡುಗ

😂 ಅದಾದ ಮೇಲೆ ಒಂದು ಅರ್ಜಿ ಬರೆದು ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಬೇಡಿ.